ಮಾತಾಡದ ಗೊಂಬೆಯ ಮುಂದೆ ಮೌಶಿ

ಮೌಶಿ ವಾರ್ಡಿನ ಕೆಲಸ ಬಿಟ್ಟರು ಎಂಬ ಸುದ್ದಿ ನನಗೆ ಔರಾದಿನಲ್ಲಿ, ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ತಲುಪಿತು. ಬೀದರಿನಿಂದ ರೋಗಿಯೊಬ್ಬರ ಜೊತೆ ಬಂದಿದ್ದ ಹಳೆಯ ಗೆಳತಿ ಹೇಳಿದಳು: "ಮೊಣಕಾಲ ಹಿಡಿದಾವಂತ. ಇನ್ನ ಬರಂಗಿಲ್ಲ ಅಂತ ಹೇಳಿ ಹೋದ್ರು." ಅಷ್ಟೇ. ಸರಕಾರಿ ನೌಕರಿಯಾಗಿದ್ದರೆ ಒಂದು ಶಾಲು, ಒಂದು ಹಾರ, ಮೈಕಿನಲ್ಲಿ ಎರಡು ಭಾಷಣವಾದರೂ ಇರುತ್ತಿದ್ದವು. ಖಾಸಗಿ ದವಾಖಾನೆಯ ಆಯಾಗೆ ಅಂಥದ್ದೇನೂ ಇಲ್ಲ. ಮೊಣಕಾಲು ಸಾಕು ಅಂದ ದಿನವೇ ನಿವೃತ್ತಿ. ಆ ಶಾಲು ಹಾರಗಳ ಜಾಗದಲ್ಲಿ ಇರಲಿ ಎಂದು ನಾನು ಈ ನಾಲ್ಕು ಮಾತು ಬರೆಯಲು ಕುಳಿತೆ.

ಬರೆಯುವ ಮುಂಚೆ ಫೋನ್ ಮಾಡಿ ಕೇಳಿದೆ.

"ಬರಿಯವ್ವಾ, ಬರಿ. ಆದರ ಹೆಸರು ಹಾಕಬ್ಯಾಡ," ಅಂದರು.

"ಯಾಕ್ರಿ ಮೌಶಿ?"

"ಹೆಸರು ಹಾಕಿದ್ರ ಮಂದಿ ಹುಡುಕ್ಕೊಂಡು ಮನೀಗಿ ಬರ್ತಾರ. ಮನ್ಯಾಗ ಕುರ್ಚಿ ಎರಡೇ ಅವ."

ಆದ್ದರಿಂದ ಮೌಶಿ ಎಂದೇ ಬರೆಯುತ್ತೇನೆ. ಮರಾಠಿಯಲ್ಲಿ ಮೌಶಿ ಅಂದರೆ ತಾಯಿಯ ಒಡಹುಟ್ಟಿದವಳು, ಚಿಕ್ಕವ್ವ. ನಮ್ಮ ಗಡಿ ಸೀಮೆಯ ದವಾಖಾನೆಗಳಲ್ಲಿ ವಾರ್ಡಿನ ಆಯಾಗಳನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ, ಮನೆಯಲ್ಲಿ ಕನ್ನಡ ಆಡುವವರೂ ಮರಾಠಿ ಆಡುವವರೂ. ನಮ್ಮ ದೊಡ್ಡ ಡಾಕ್ಟರು ಮೌಶಿ ಅನ್ನುತ್ತಿದ್ದರು, ಅವರ ಮೊಮ್ಮಗನೂ ಮೌಶಿ ಅನ್ನುತ್ತಿದ್ದ. ಹೀಗೆ ಊರಿಗೆಲ್ಲ ಚಿಕ್ಕವ್ವ ಆಗಿ ಆಗಿ, ಅವರ ಸ್ವಂತ ಹೆಸರು ಪಗಾರದ ದಿನ ಕೂಗುವುದಕ್ಕೆ ಮಾತ್ರ ಉಳಿದಿತ್ತು. ಕೂಗಿದಾಗ ಅವರೇ ಒಂದು ಗಳಿಗೆ ಯಾರನ್ನು ಕರೆಯುತ್ತಿದ್ದಾರೆ ಎಂದು ಸುತ್ತ ನೋಡುತ್ತಿದ್ದರು.

ಗಿಡ್ಡ ಆಳು. ಅಗಲ ಮಣಿಕಟ್ಟು. ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದರೆ ಸಂಜೆತನಕ ಅದು ಜರುಗುವುದಿಲ್ಲ. ಡ್ಯೂಟಿಗೆ ಬಂದ ಕೂಡಲೇ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. "ಬಳಿ ಚುಚ್ತಾವ. ಮಂದಿ ಮೈ ಬ್ಯಾನಿ ಬ್ಯಾನಿ ಆಗಿರ್ತದ," ಅನ್ನುವುದು ಅವರ ಕಾರಣ. ಸಂಜೆ ಅದೇ ಬಳೆ ಮತ್ತೆ ಕೈಗೇರಿ ಸದ್ದು ಮಾಡಿದರೆ ಮೌಶಿ ಹೊರಟರು ಎಂದು ಮಂಚದ ಮೇಲಿದ್ದವರಿಗೆಲ್ಲ ತಿಳಿಯುತ್ತಿತ್ತು. ಆಮೇಲೆ ಕರೆದರೂ ಬರುವವರಲ್ಲ. ಅಂದರೆ, ಬರುವವರಲ್ಲ ಎಂದು ಹೇಳುತ್ತಿದ್ದರು. ಗೊಣಗುತ್ತ ಬಂದೇ ಬರುತ್ತಿದ್ದರು.

ದವಾಖಾನೆ ಇದ್ದದ್ದು ಬೀದರಿನಲ್ಲಿ, ಗಾಂಧಿ ಗಂಜ್ ಎಂಬ ಕಾಳಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ. ತೊಗರಿ ಬರುವ ದಿನಗಳಲ್ಲಿ ಲಾರಿಗಳ ಸಾಲು ನಮ್ಮ ಗೇಟಿನ ತನಕ ನಿಲ್ಲುತ್ತಿತ್ತು, ಬೇಳೆಯ ಧೂಳಿಗೆ ಇಡೀ ವಾರ್ಡು ಸೀನುತ್ತಿತ್ತು. ಮೌಶಿಯ ಗಂಡ ಆ ಗಂಜಿನಲ್ಲೇ ಹಮಾಲರು. ಒಮ್ಮೆ ಚೀಲ ಹೊತ್ತುಕೊಂಡು ಹಲಗೆ ಇಳಿಯುವಾಗ ಕಾಲು ಜಾರಿ ಬೆನ್ನಿಗೆ ಪೆಟ್ಟು ಮಾಡಿಕೊಂಡು ಇದೇ ದವಾಖಾನೆಗೆ ಬಂದರು. ಅವರ ಆರೈಕೆಗೆ ಕುಳಿತ ಹೆಂಡತಿ, ನೋಡನೋಡುತ್ತ ಪಕ್ಕದ ಮಂಚದ ಮುದುಕನಿಗೂ ಗಂಜಿ ಕುಡಿಸಿದರು, ಆಚೆಯ ಮಂಚದ ಹುಡುಗನ ಮೈಯನ್ನೂ ಒರೆಸಿದರು. ಗಂಡನಿಗೆ ಡಿಸ್ಚಾರ್ಜ್ ಆಗುವ ದಿನ ದೊಡ್ಡ ಡಾಕ್ಟರ ಹೆಂಡತಿ, "ನೀನು ಇಲ್ಲೇ ಇರು," ಅಂದರಂತೆ. ಅದೇ ಅರ್ಜಿ, ಅದೇ ಸಂದರ್ಶನ, ಅದೇ ನೇಮಕ. ತರಬೇತಿ ಎಂದು ಯಾರೂ ಕೊಡಲಿಲ್ಲ.

ಕೊಟ್ಟವರು ಅಂದರೆ ಗಂಜಿನ ಹಮಾಲರೇ. ಮೊಣಕಾಲು ಬಗ್ಗಿಸಿ, ಭಾರವನ್ನು ಎದೆಗೆ ಹತ್ತಿರ ತಂದು, ಉಸಿರು ಬಿಡುತ್ತ ಎತ್ತುವುದನ್ನು ಗಂಡ ಕಲಿಸಿದ್ದರು. "ಚೀಲಾ ಎತ್ತದು, ಮಂದೀಗಿ ಎತ್ತದು, ಎರಡೂ ಒಂದೇ ವಿದ್ಯಾ," ಅನ್ನುತ್ತಿದ್ದರು ಮೌಶಿ. "ಫರಕ ಇಷ್ಟೇ. ಚೀಲಕ್ಕ ನಾಚಿಕಿ ಇರಂಗಿಲ್ಲ. ಮಂದೀಗಿ ಇರ್ತದ."

ನಾನು ಅವರ ಕೈಕೆಳಗೆ ಬಂದದ್ದು ಹೀಗೆ. ನಮ್ಮದು ಭಾಲ್ಕಿ ತಾಲ್ಲೂಕಿನ ಮೆಹಕರ, ಒಕ್ಕಲುತನದ ಮನೆ. ಪಿಯುಸಿ ಮುಗಿದಾಗ ನನಗೆ ನರ್ಸ್ ಆಗುವ ಆಸೆ ಇತ್ತು, ಮೂರು ವರ್ಷದ ಕೋರ್ಸಿನ ಶುಲ್ಕ ಕೇಳಿ ಅಪ್ಪ ಕೈಚೆಲ್ಲಿದರು. ಭಾಲ್ಕಿಯಲ್ಲಿ ನರ್ಸಿಂಗ್ ಸಹಾಯಕರ ಆರು ತಿಂಗಳ ತರಬೇತಿ ಪುಕ್ಕಟೆ ಎಂದು ಯಾರೋ ಹೇಳಿದರು. ಅವ್ವ ಒಪ್ಪಲಿಲ್ಲ. "ಮಂದಿ ಹೊಲಸು ಬಳೀಲಿಕ್ಕ ಇಷ್ಟು ಓದಿಸಿದ್ವೇನು?" ಅಂದಳು. ಅಪ್ಪ ಮಾತ್ರ, "ಹೋಗಿ ನೋಡು. ಆಗಲಿಲ್ಲ ಅಂದ್ರ ಬಸ್ಸು ಈ ಕಡೀಗೂ ಬರ್ತದ," ಅಂದರು.

ಭಾಲ್ಕಿಯ ತರಬೇತಿ ಕೇಂದ್ರ ಎರಡು ಕೋಣೆಯದು. ಕಲಿಸುವವರು ಒಬ್ಬರೇ, ವಯಸ್ಸಿನಲ್ಲಿ ನಮಗಿಂತ ಬಹಳ ದೊಡ್ಡವರಲ್ಲದ ಒಬ್ಬ ಮೇಡಮ್. ಮೊದಲು ಸ್ಟಾಫ್ ನರ್ಸ್ ಆಗಿದ್ದವರು. ಕಲಿಯಲು ಮಂಚದ ಮೇಲೆ ಒಂದು ದೊಡ್ಡ ಗೊಂಬೆ, ಆಳಿನ ಅಳತೆಯದು. ಹುಡುಗಿಯರು ಅದಕ್ಕೆ ಅಳಿಯ ಎಂದು ಹೆಸರಿಟ್ಟಿದ್ದರು: ಮಲಗಿದಲ್ಲೇ ಮಲಗಿರುತ್ತಾನೆ, ದಿನವೂ ಮೈ ತೊಳೆಸಿಕೊಳ್ಳುತ್ತಾನೆ, ಒಂದು ಒಳ್ಳೆಯ ಮಾತು ಆಡುವುದಿಲ್ಲ. ಹಾಸಿಗೆಯ ಚಾದರ ಬದಲಿಸುವುದು, ನಾಡಿ ನೋಡುವುದು, ಬಿಪಿ ನೋಡುವುದು, ಮಗ್ಗುಲು ಹೊರಳಿಸಿ ಬೆನ್ನು ನೋಡುವುದು, ಕೈ ತೊಳೆಯುವ ಕ್ರಮ, ಎಲ್ಲ ಅಳಿಯನ ಮೇಲೆಯೇ ಕಲಿತೆವು. ಆಮೇಲೆ ಉಳಿದ ತಿಂಗಳುಗಳಿಗೆ ನಿಜವಾದ ವಾರ್ಡಿಗೆ ಕಳಿಸಿದರು. ನನಗೆ ಬಂದದ್ದು ಗಂಜಿನ ಹಿಂದಿನ ಆ ದವಾಖಾನೆ.

ಮೊದಲ ದಿನ ನಾನು ಹೊಸ ಕೋಟು ಹಾಕಿಕೊಂಡು ನಿಂತಾಗ ಮೌಶಿ ಮೇಲಿಂದ ಕೆಳಗೆ ನೋಡಿದರು.

"ಎಲ್ಲೀಕಿ ಇದ್ದಿ?"

"ಮೆಹಕರ್ರಿ."

"ಎಮ್ಮಿ ಹಿಂಡ್ತೀಯೇನು?"

"ಹಿಂಡ್ತೀನ್ರಿ."

"ಹೊಸಾ ಎಮ್ಮಿಗಿ ಒಮ್ಮಿಗೇ ಕೈ ಹಚ್ತೀಯೇನು?"

"ಇಲ್ರಿ. ಒದೀತದ. ಮೊದಲ ಬೆನ್ನ ಮ್ಯಾಲ ಕೈ ಆಡಿಸಿ, ಮಾತಾಡಿಸಿ..."

"ಬಾ," ಅಂದರು. "ಅರ್ಧಾ ಕೆಲಸಾ ನಿನಗ ಬರ್ತದ."

ಉಳಿದ ಅರ್ಧ ನೋಡಿ ಕಲಿತೆ. ಮೌಶಿಯದು ಒಂದೇ ಕಟ್ಟಳೆ: ಕೇಳದೆ ಮುಟ್ಟಬಾರದು, ಹೂಂ ಅನ್ನುವ ತನಕ ಕಾಯಬೇಕು. ಹೊರಳಿಸಬೇಕೆ, ಸೆರಗು ಸರಿಸಬೇಕೆ, ಚಾದರ ಎಳೆಯಬೇಕೆ, ಮೊದಲು ಮಂಚದ ಬದಿಗೆ ನಿಂತು, ಬಗ್ಗಿ, ಮುಖ ನೋಡಿ ಕೇಳಬೇಕು. ಕನ್ನಡದವರಿಗೆ, "ಮಗ್ಗಲಾ ಹೊರಳ್ಸಲೇನ್ರಿ ಯಪ್ಪಾ?" ಗಡಿಯಾಚೆಯ ಮರಾಠಿಯವರಿಗೆ ಮರಾಠಿಯಲ್ಲಿ, ಹಳೇ ಊರಿನ ಚಾಚಾಗಳಿಗೆ ದಖನಿಯಲ್ಲಿ. ಜಹೀರಾಬಾದ್ ಕಡೆಯಿಂದ ಬಂದವರಿಗೆ, "ಪಕ್ಕಕ್ಕು ತಿಪ್ಪನಾ ಅಮ್ಮಾ?" ಅವರಿಗೆ ಬರುತ್ತಿದ್ದ ತೆಲುಗು ಅದೊಂದೇ ವಾಕ್ಯ. ಒಮ್ಮೆ ಒಬ್ಬ ಅಜ್ಜಿ ಅದನ್ನು ಕೇಳಿ ಖುಷಿಯಾಗಿ ತನ್ನ ಸೊಸೆಯ ಕತೆಯನ್ನೆಲ್ಲ ತೆಲುಗಿನಲ್ಲಿ ಹೇಳಿದಳು. ಮೌಶಿ ಒಂದಕ್ಷರ ತಿಳಿಯದೆ ಅರ್ಧ ತಾಸು ತಲೆ ಆಡಿಸಿದರು. ಕೊನೆಗೆ ಅಜ್ಜಿ ನಿಟ್ಟುಸಿರು ಬಿಟ್ಟಾಗ ಮತ್ತೆ ಅದೇ ಪ್ರಶ್ನೆ: "ಪಕ್ಕಕ್ಕು ತಿಪ್ಪನಾ ಅಮ್ಮಾ?"

ಮೌಶಿಯನ್ನು ದೇವತೆ ಮಾಡಿ ಕೂರಿಸುವ ಇರಾದೆ ನನಗಿಲ್ಲ. ಬಾಯಿ ಜೋರು. ರೋಗಿಗಿಂತ ಮೊದಲು ತಾವೇ ಟಿಫಿನ್ ಬಿಚ್ಚುವ ಸಂಬಂಧಿಕರಿಗೆ, "ಲಗ್ನಕ್ಕ ಬಂದೀರೇನ್ರಿ?" ಎಂದು ಕೇಳಿಬಿಡುತ್ತಿದ್ದರು. ರಬ್ಬರಿನ ಕೈಗವಸು ಅಂದರೆ ಆಗದು. ಸಿಸ್ಟರ್ ಆಚೆ ಹೋದ ಕೂಡಲೇ ಕಳಚಿಡುತ್ತಿದ್ದರು. ಚಹ ತಡವಾದರೆ ಯಾರ ಜೊತೆಗೂ ಮಾತಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ ಅವರದು. ಒಮ್ಮೆ ಒಬ್ಬ ದೊಡ್ಡಸ್ತಿಕೆಯ ಮನುಷ್ಯ ಮಂಚದ ಮೇಲೆ ಮಲಗಿಕೊಂಡೇ, "ಲಿಂಗಾ ಕಟ್ಕೊಂಡು ಈ ಕೆಲಸಾ ಮಾಡ್ತೀಯಲ್ಲ, ಹ್ಯಾಂಗ?" ಅಂದ. ಮೌಶಿ ಅವನ ಬೆಡ್‌ಪ್ಯಾನ್ ಎತ್ತುತ್ತ, "ಲಿಂಗಾ ಎದೀ ಮ್ಯಾಲ ಅದರಿ. ಕೈ ಖಾಲಿನೇ ಅವ," ಅಂದರು.

ನನ್ನ ತರಬೇತಿ ಮುಗಿದು ಅದೇ ದವಾಖಾನೆಯಲ್ಲಿ ಕೆಲಸವೂ ಸಿಕ್ಕಿತು. ಆಗ ಬಂತು ಆ ಹೊಸ ನಿಯಮ.

ವಿಮೆಯ ರೋಗಿಗಳನ್ನು ತೆಗೆದುಕೊಳ್ಳಬೇಕಾದರೆ ದವಾಖಾನೆಗೆ ಮಾನ್ಯತೆ ಬೇಕು, ತಪಾಸಣೆಯವರು ಬರುತ್ತಾರೆ, ರೋಗಿಯನ್ನು ಮುಟ್ಟುವ ಪ್ರತಿಯೊಬ್ಬರ ಹತ್ತಿರವೂ ತರಬೇತಿಯ ಸರ್ಟಿಫಿಕೇಟ್ ಇರಬೇಕು. ಇಲ್ಲದವರು ಸಫಾಯಿ ಕಡೆಗೆ. ಅಲ್ಲಿ ಪಗಾರವೂ ಕಡಿಮೆ, ಮಂಚದ ಹತ್ತಿರ ಹೋಗುವ ಹಾಗೂ ಇಲ್ಲ. ಅನುಭವ ಇದ್ದವರಿಗೆ ಒಂದು ದಾರಿ ಇತ್ತು: ಆರು ತಿಂಗಳು ಕೂರಬೇಕಿಲ್ಲ, ಕೆಲವು ದಿನ ಕಲಿತು ನೇರ ಪರೀಕ್ಷೆ ಕೊಡಬಹುದು. ಪಾಸಾದರೆ ವಾರ್ಡು, ಅದರ ಮೇಲೆ ತರಬೇತಿಯಾದವರ ಪಗಾರ. ನಪಾಸಾದರೆ ಮತ್ತೊಂದೇ ಅವಕಾಶ. ಅದೂ ಹೋದರೆ ಪೊರಕೆ.

ಮ್ಯಾನೇಜರು ಕೆಟ್ಟವರಲ್ಲ. ಕೈ ಮುಗಿದೇ ಹೇಳಿದರು. "ನಾ ಏನ್ ಮಾಡ್ಲಿ ಮೌಶಿ, ಮ್ಯಾಲಿನ ನಿಯಮ ಅದ."

"ಮಾಡ್ರಿ, ನಿಯಮ ಮಾಡ್ರಿ," ಅಂದರು ಮೌಶಿ. "ಪರೀಕ್ಷಾನೂ ಕೊಡ್ತೀನಿ. ಏಳನೇತ್ತ ಪಾಸ್ ಆಗಿದ್ದಾಕಿ ನಾ. ನಮ್ಮ ಸಾಲ್ಯಾಗ ನಪಾಸ್ ಆದವ್ರೇ ಬಾಳ ಇದ್ರು."

ಪುಸ್ತಕ ಓದಿಸುವ ಕೆಲಸ ನನಗೆ ಬಂತು. ಮಧ್ಯಾಹ್ನ ವಾರ್ಡು ತಣ್ಣಗಾದಾಗ ಮೆಟ್ಟಿಲ ಮೇಲೆ ಕೂತು ನಾನು ಓದುತ್ತಿದ್ದೆ, ಮೌಶಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೈ ತೊಳೆಯುವ ಪಾಠ ಬಂದಾಗ ತಮ್ಮ ಕೈಗಳನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅವತ್ತಿನಿಂದ ಕೈಗವಸು ಕಳಚಲಿಲ್ಲ. ಇನ್ನೊಂದು ದಿನ, ಆಪರೇಶನ್ ಆಗಿ ಬಹಳ ದಿನ ಮಲಗಿದವರ ಮೀನಖಂಡ ಬಾತು ನೋಯುತ್ತಿದ್ದರೆ ತಿಕ್ಕಬಾರದು, ಒಳಗೆ ಹೆಪ್ಪುಗಟ್ಟಿದ ರಕ್ತ ಕದಲಿ ಎದೆಗೆ ಹೋಗಬಹುದು, ಸಿಸ್ಟರಿಗೆ ತಿಳಿಸಬೇಕು ಎಂದು ಓದಿದೆ. ಮೌಶಿ ಕಣ್ಣು ತೆರೆದರು.

"ಇನ್ನೊಮ್ಮಿ ಓದು."

ಓದಿದೆ.

ಮೌಶಿ ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟರು. "ಕಾಲ ಜಗ್ತಾವ ಅಂತ ಕರೀತಾರ. ಎಣ್ಣಿ ಹಚ್ಚಿ ತಿಕ್ಕೀನಲ್ಲವ್ವಾ ಇಷ್ಟು ವರ್ಷ. ದೇವರೇ ಕಾದಾನ." ಆಮೇಲೆ ತಾವೇ ಎದ್ದು ಸೆರಗು ಬಿಗಿದರು. "ಗೊತ್ತಿದ್ದಿಲ್ಲ, ಈಗ ಗೊತ್ತಾತು. ಇದನ್ನ ಮೊದಲೇ ಯಾರರ ಹೇಳಿದ್ರ ಛಲೋ ಆಗ್ತಿತ್ತು."

ತರಬೇತಿ ಯಾಕೆ ಬೇಕು ಎಂದು ಈಗ ನನ್ನನ್ನು ಯಾರಾದರೂ ಕೇಳಿದರೆ ನಾನು ಉದ್ದ ಭಾಷಣ ಮಾಡುವುದಿಲ್ಲ. ಆ ಮೆಟ್ಟಿಲ ಮೇಲಿನ ಮೌಶಿಯ ಮುಖವನ್ನು ಹೇಳುತ್ತೇನೆ.

ಪರೀಕ್ಷೆ ಭಾಲ್ಕಿಯ ಅದೇ ಕೇಂದ್ರದಲ್ಲಿ. ನಾನು ರಜೆ ಹಾಕಿ ಜೊತೆಗೆ ಹೋದೆ. ಪರೀಕ್ಷೆ ತೆಗೆದುಕೊಳ್ಳಲು ಹೊರಗಿನಿಂದ ಒಬ್ಬ ಸರ್ ಬಂದಿದ್ದರು. ಬಾಯಿಮಾತಿನ ಪ್ರಶ್ನೆಗಳಿಗೆ ಮೌಶಿ ಚೆನ್ನಾಗಿಯೇ ಉತ್ತರ ಕೊಟ್ಟರು. ಕೊನೆಗೆ ಕೈಕೆಲಸ: ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಹೊರಳಿಸಿ, ಬೆನ್ನು ನೋಡಿ, ಕೆಳಗಿನ ಚಾದರ ಬದಲಿಸಬೇಕು. ರೋಗಿ ಅಂದರೆ ನಮ್ಮ ಅಳಿಯ. ನಾನೂ ಕೇಂದ್ರದ ಹುಡುಗಿಯರೂ ಕಿಟಕಿಯ ಹೊರಗಿನಿಂದ ನೋಡುತ್ತಿದ್ದೆವು. ದಿನವೂ ಮಾಡುವ ಕೆಲಸ, ಇದರಲ್ಲಿ ಮೌಶಿ ಎಡವುತ್ತಾರೆ ಎಂದು ಯಾರ ಮನಸ್ಸಿನಲ್ಲೂ ಇರಲಿಲ್ಲ.

ಮೌಶಿ ಕೈ ತೊಳೆದರು. ಕೈಗವಸು ಹಾಕಿದರು. ಮಂಚದ ಬದಿಗೆ ನಿಂತು, ಬಗ್ಗಿ, ಗೊಂಬೆಯ ಮುಖ ನೋಡಿ, "ಮಗ್ಗಲಾ ಹೊರಳ್ಸಲೇನ್ರಿ ಯಪ್ಪಾ?" ಅಂದರು.

ಗೊಂಬೆ ಏನು ಅಂದೀತು? ಮೌಶಿ ನಿಂತರು. ಸರ್ ಹಾಳೆಯಿಂದ ತಲೆ ಎತ್ತಿ ನೋಡಿದರು. ಮೌಶಿ ಇನ್ನೊಮ್ಮೆ ಕೇಳಿದರು, ಈ ಸಲ ಸ್ವಲ್ಪ ಗಟ್ಟಿಯಾಗಿ, ಕಿವಿ ಮಂದವಾದವರಿಗೆ ಕೇಳುವ ಹಾಗೆ. ಮತ್ತೆ ನಿಂತರು.

"ಮುಂದೆ ಮಾಡಿ," ಅಂದರು ಸರ್.

"ತಡ್ರಿ ಸರ್," ಅಂದರು ಮೌಶಿ. "ಅವ್ರು ಇನ್ನಾ ಏನೂ ಅಂದಿಲ್ಲ."

ಕಿಟಕಿಯ ಹತ್ತಿರ ಯಾರೋ ಕಿಸಕ್ಕೆಂದರು. ಆ ಸದ್ದಿಗೆ ಮೌಶಿಗೆ ತಾವು ಎಲ್ಲಿದ್ದೇವೆ ಎಂಬುದು ಅರಿವಾಯಿತು. ಗಡಿಬಿಡಿಯಲ್ಲಿ ಗೊಂಬೆಯ ಭುಜಕ್ಕೆ ಕೈ ಹಾಕಿದರು, ಹಿಂದಕ್ಕೆ ತೆಗೆದರು, ಮತ್ತೆ ಹಾಕಿದರು. ಸಂತೆಯಲ್ಲಿ ಅಪರಿಚಿತರ ಮೈಗೆ ಕೈ ತಾಗಿದವರ ಹಾಗೆ ಮುಖ ಕೆಂಪಾಗಿತ್ತು. ಚಾದರ ಅರ್ಧ ಬದಲಾಗುವಷ್ಟರಲ್ಲಿ ಕೊಟ್ಟ ಹೊತ್ತು ಮುಗಿಯಿತು. ಸರ್ ನಿಯಮದ ಪ್ರಕಾರ ನಡೆದುಕೊಂಡರು. ಮೌಶಿ ನಪಾಸಾದರು.

ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದವರು ಹಲಬರ್ಗಾ ದಾಟಿದ ಮೇಲೆ ಬಾಯಿ ಬಿಟ್ಟರು.

"ಅದು ಗೊಂಬಿ ಅಂತ ನನಗ ಗೊತ್ತದ, ತಂಗಿ. ಕೈಗಿ ಗೊತ್ತಿಲ್ಲ."

ಮರುದಿನದಿಂದ ಅವರಿಗೆ ಸಫಾಯಿಯ ನೀಲಿ ಕೋಟು. ಎರಡನೆಯ ಪರೀಕ್ಷೆಗೆ ಇನ್ನೂ ಸಮಯವಿತ್ತು, ಅಲ್ಲಿಯ ತನಕ ಹೊರಗಿನ ಪಡಸಾಲೆ ಒರೆಸಬೇಕು. ಮೌಶಿ ಪಡಸಾಲೆಯಲ್ಲಿದ್ದಾರೆಂದು ಮಂಚದ ಮೇಲಿನವರಿಗೆ ತಿಳಿಯದೆ ಇರುತ್ತದೆಯೆ? "ಮೌಶಿ, ಜರಾ ಬರ್ರಿ," ಎಂದು ಒಳಗಿನಿಂದ ಕರೆಯುತ್ತಿದ್ದರು. ಮೌಶಿ ಬಾಗಿಲಿನ ತನಕ ಬಂದು, ಹೊಸ್ತಿಲ ಆಚೆಗೆ ಒರೆಸುವ ಕೋಲು ಹಿಡಿದು ನಿಂತುಬಿಡುತ್ತಿದ್ದರು. ಅಲ್ಲಿಂದಲೇ ನನ್ನನ್ನು ಕೂಗುತ್ತಿದ್ದರು: "ತಂಗಿ, ಖಿಡಕಿ ಬಾಜೂ ಮಂಚ. ಎಡಗಡಿ ಮಗ್ಗಲಾ. ದಿಂಬು ಮೊಣಕಾಲ ನಡುವ ಇಡು. ಹಂಗಲ್ಲ, ಇನ್ನಾ ಕೆಳಗ." ಕಾಲು ಹೊಸ್ತಿಲು ದಾಟಲಿಲ್ಲ, ಮಾತು ಮಾತ್ರ ಮಂಚದ ತನಕ ಬರುತ್ತಿತ್ತು.

"ಪಗಾರ ಕಡಿಮಿ ಆದ್ರ ಚಾದಾಗ ಸಕ್ಕರಿ ಕಡಿಮಿ ಹಾಕ್ತೀನಿ," ಅಂದರು ಒಂದು ದಿನ. "ಆದ್ರ ಕರದಾಗ ಹೋಗದೆ ನಿಂದ್ರದು ನನಗ ಬರವಲ್ದು."

ಆ ಭಾನುವಾರ ನಾನು ಚಿದ್ರಿಯಲ್ಲಿದ್ದ ಅವರ ಮನೆಗೆ ಹೋದೆ. ಅಭ್ಯಾಸ ನಡೆದಿತ್ತು. ಗೊಂಬೆಯ ಜಾಗದಲ್ಲಿ ಕಾಕಾ, ಅಂದರೆ ಮೌಶಿಯ ಗಂಡ, ಹೊರಸಿನ ಮೇಲೆ ಅಂಗಾತ ಮಲಗಿದ್ದರು. ಏನು ಕೇಳಿದರೂ ಮಾತಾಡಕೂಡದು ಎಂದು ಕರಾರು.

"ಮಗ್ಗಲಾ ಹೊರಳ್ಸಲೇನ್ರಿ?" ಅಂದರು ಮೌಶಿ.

"ಚಾ ಕುಡಿಸಿ ಹೊರಳ್ಸು," ಅಂದರು ಕಾಕಾ.

"ಗೊಂಬಿ ಚಾ ಕೇಳ್ತದೇನ್ರಿ?"

"ಗೊಂಬೀಗಿ ಲಗ್ನ ಆಗಿರಂಗಿಲ್ಲ. ಇಷ್ಟು ವರ್ಷ ಆದಮ್ಯಾಲ ನೀ ಕೇಳ್ತೀ, ನಾ ಸುಮ್ನಿರ್ತೀನಿ ಅಂದ್ರ ಹ್ಯಾಂಗ?"

ಮೂರು ಸಲ ಹೀಗೇ ಆಯಿತು. ಕಡೆಗೆ ಕಾಕಾ ಎದ್ದು ಕೂತು ಗಂಭೀರವಾಗಿ ಒಂದು ಸಲಹೆ ಕೊಟ್ಟರು: "ನೀ ಅದಕ್ಕ ಮನಶಾ ಅಂತ ನೋಡಬ್ಯಾಡ. ಗಂಜಿನ ಚೀಲಾ ಅಂತ ತಿಳ್ಕೋ. ಕೇಳೂದಿಲ್ಲ, ಹೇಳೂದಿಲ್ಲ. ಬಗ್ಗು, ಹಿಡಿ, ಎತ್ತು."

ಮೌಶಿಗೆ ಈ ಮಾತು ಹಿಡಿಸಿತು. ಮರುವಾರ ಮೇಡಮ್ಮಿನ ಅಪ್ಪಣೆ ಪಡೆದು ಭಾಲ್ಕಿಗೆ ಅಭ್ಯಾಸಕ್ಕೆ ಹೋದೆವು. ಮೌಶಿ ಮಂಚದ ಮುಂದೆ ನಿಂತು ಕಣ್ಣು ಮುಚ್ಚಿದರು, ಚೀಲ ಚೀಲ ಎಂದು ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಬಗ್ಗಿದರು, ಹಿಡಿದರು, ಎತ್ತಿದರು. ಅಳಿಯ ಹಾಸಿಗೆ ಬಿಟ್ಟು ಮೌಶಿಯ ಹೆಗಲೇರಿದ. ಅವನ ಒಂದು ತೋಳು ಮಾತ್ರ ಬುಡಸಮೇತ ಕಳಚಿ ನನ್ನ ಕಾಲ ಹತ್ತಿರ ಬಿತ್ತು.

ಮೇಡಮ್ ಬಾಯಿಗೆ ಕೈ ಅಡ್ಡ ಹಿಡಿದರು. ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದರು. ಮೌಶಿ ಹೆಗಲ ಮೇಲೆ ಗೊಂಬೆ ಹೊತ್ತುಕೊಂಡೇ ಕೇಳಿದರು, "ಇದರ ರೊಕ್ಕಾ ನನ್ನ ಪಗಾರದಾಗ ಹಿಡೀತಾರೇನ್ರಿ ಮೇಡಮ್?"

"ಇಲ್ರಿ ಮೌಶಿ. ಅದು ಮೊದಲಿಂದ ಸಡ್ಲ ಅದ. ಕೆಳಗಿಳಸ್ರಿ, ಕೂಡ್ರಿ."

ಇಬ್ಬರೂ ಮಂಚದ ಅಂಚಿನಲ್ಲಿ ಕೂತರು, ನಡುವೆ ಒಂಟಿ ತೋಳಿನ ಅಳಿಯ. ಮೇಡಮ್ ಈಗ ನಗುತ್ತಿರಲಿಲ್ಲ.

"ಒಂದ್ ಮಾತು ಕೇಳ್ತೀನಿ. ನಿಮ್ಮ ವಾರ್ಡಿಗೆ ಲಕ್ವಾ ಹೊಡೆದವ್ರು ಬರ್ತಾರಲ್ಲ, ಮಾತು ಹೋದವ್ರು. ಅವ್ರು ಹೂಂ ಅನ್ನಂಗಿಲ್ಲ. ಅವ್ರಿಗೆ ಏನ್ ಮಾಡ್ತೀರಿ?"

ಮೌಶಿ ಯೋಚಿಸಿದರು. "ಅವ್ರ ಮಗನೋ ಮಗಳೋ ಬಾಜೂ ಇರ್ತಾರಲ್ರಿ. ಅವ್ರಿಗಿ ಕೇಳ್ತೀನಿ."

"ಅವ್ರೂ ಇಲ್ಲಂದ್ರ?"

"ಆಗ ಜರಾ ಗಡಬಡ ಆಗ್ತದ್ರಿ," ಎಂದು ಮೌಶಿ ಒಪ್ಪಿಕೊಂಡರು. "ಮನಸಿಗಿ ಸಮಾಧಾನ ಆಗಂಗಿಲ್ಲ. ಲಗೂ ಲಗೂ ಮುಗಿಸಿಬಿಡ್ತೀನಿ."

"ಅಲ್ಲೇ ತಪ್ಪು. ಮಾತು ಹೋಗಿರ್ತದ, ಕಿವಿ ಹೋಗಿರಂಗಿಲ್ಲ. ಹೂಂ ಅನ್ನೋರಿಗೆ ಕೇಳ್ರಿ. ಅನ್ನಲಾರದವ್ರಿಗೆ ಹೇಳ್ರಿ. ಈಗ ಎಡಕ್ಕ ಹೊರಳಸ್ತೀನಿ, ಹೆದರಬ್ಯಾಡ್ರಿ ಅಂತ ಹೇಳ್ರಿ. ಅವ್ರ ಮಾರಿ ನೋಡ್ರಿ. ಒಂದು ಉಸಿರು ತಡೀರಿ. ಆಮ್ಯಾಲ ಸಾವಕಾಶ ಮಾಡ್ರಿ. ಈ ಗೊಂಬಿ ಅಂಥಾ ಪೇಷಂಟು."

"ಲಕ್ವಾ ಹೊಡದದೇನ್ರಿ ಇದಕ್ಕ?"

"ಹುಟ್ಟಿದಾಗಿಂದ."

ಮೌಶಿ ಗೊಂಬೆಯ ಕಡೆ ತಿರುಗಿ ನೋಡಿದರು. ಅಷ್ಟು ದಿನ ಅದನ್ನು ಶತ್ರುವಿನ ಹಾಗೆ ನೋಡುತ್ತಿದ್ದ ಕಣ್ಣಿನಲ್ಲಿ ಮರುಕ ಮೂಡಿದ್ದು ನನಗೆ ಕಂಡಿತು. "ಪಾಪ," ಅಂದರು. ತೋಳನ್ನು ಎತ್ತಿ ಅದರ ಜಾಗಕ್ಕೆ ಸಿಕ್ಕಿಸಿದರು. ಆಮೇಲೆ ಸಂಜೆಯ ತನಕ ಅಳಿಯನನ್ನು ಎಷ್ಟು ಸಲ ಹೊರಳಿಸಿದರೋ ಲೆಕ್ಕವಿಲ್ಲ. ಒಂದೊಂದು ಸಲವೂ ಹೇಳಿ, ಮುಖ ನೋಡಿ, ಒಂದು ಉಸಿರು ತಡೆದು.

ಎರಡನೆಯ ಪರೀಕ್ಷೆ ನಾನು ನೋಡಲಿಲ್ಲ, ವಾರ್ಡಿನಲ್ಲಿ ಕೆಲಸವಿತ್ತು. ಮಧ್ಯಾಹ್ನ ಫೋನ್ ಬಂತು. "ಪಾಸಾತವ್ವಾ. ಸರ್ ಏನೋ ಬರ್ಕೊಂಡ್ರು, ಮೇಡಮ್ ಕಣ್ಣ ಹೊಡದ್ರು," ಅಂದರು. ಮರುವಾರ ಮೌಶಿ ಹೊಸ್ತಿಲು ದಾಟಿ ಒಳಗೆ ಬಂದರು. ಕಿಟಕಿಯ ಹತ್ತಿರದ ಮಂಚದಲ್ಲಿ ಮಾತು ನಿಂತ ಒಬ್ಬ ಅಜ್ಜ ಇದ್ದರು. ನೇರ ಅಲ್ಲಿಗೆ ಹೋಗಿ, "ಎಡಕ್ಕ ಹೊರಳಸ್ತೀನ್ರಿ ಯಪ್ಪಾ, ಹೆದರಬ್ಯಾಡ್ರಿ," ಅಂದರು. ನಿಂತರು. ಅಜ್ಜ ಕಣ್ಣು ಮಿಟುಕಿಸಿದ್ದು ಉತ್ತರವೋ, ಸುಮ್ಮನೆಯೋ, ನಾನು ಹೇಳಲಾರೆ. ಮೌಶಿ ಮಾತ್ರ ಅದನ್ನು ಉತ್ತರ ಅಂತಲೇ ತೆಗೆದುಕೊಂಡರು.

ಪಾಸಾದ ಸಂತೋಷದಲ್ಲಿ ನನಗೆ ಪೇಢೆ ಕೊಟ್ಟವರು, ನಾನು ಅದನ್ನು ತಿಂದು ಮುಗಿಸುವ ಮೊದಲೇ ನನ್ನ ಬೆನ್ನು ಹತ್ತಿದರು.

"ನೀ ನನಗ ಪುಸ್ತಕಾ ಓದಿಸಿದಿ. ನಿನ್ನ ಪುಸ್ತಕಾ ಎಲ್ಲೆದ?"

"ನನ್ನ ತರಬೇತಿ ಮುಗಿದದಲ್ರಿ ಮೌಶಿ. ಕೆಲಸಾನೂ ಅದ."

"ನೋಡು ತಂಗಿ, ನಾ ಹತ್ತೋ ಮೆಟ್ಟಲಾ ಇಲ್ಲಿಗಿ ಮುಗೀತು. ಆಯಾ ಹಳಬಳಾದ್ರ ಹಳೇ ಆಯಾ ಆಗ್ತಾಳ, ಸಿಸ್ಟರ್ ಆಗಂಗಿಲ್ಲ. ಈ ಸರ್ಟಿಫಿಕೇಟ್ ನನಗ ಬಾಗಲಾ. ನಿನಗ ಬರೇ ಹೊಸ್ತಲ. ಅದರ ಮ್ಯಾಲೇ ಕೂಡಬ್ಯಾಡ, ಹಾದು ಹೋಗು."

ನನಗೆ ಆಗ ಇಷ್ಟವಿರಲಿಲ್ಲ. ಕೈಗೆ ಪಗಾರ ಬರುತ್ತಿತ್ತು, ಮನೆಗೆ ಕಳಿಸುತ್ತಿದ್ದೆ, ಮೊದಲು ಮೂಗು ಮುರಿದಿದ್ದ ಅವ್ವ ಈಗ ಓಣಿಯಲ್ಲಿ ನನ್ನ ಸುದ್ದಿ ಹೇಳಿಕೊಂಡು ತಿರುಗುತ್ತಿದ್ದಳು. ಮೌಶಿ ಬಿಡಲಿಲ್ಲ. ಒಂದು ದಿನ ರಜೆ ಹಾಕಿ ಮೆಹಕರಕ್ಕೇ ಹೋಗಿ ಅಪ್ಪನ ಮುಂದೆ ಕೂತರು. ಏನು ಮಾತಾಡಿದರೋ ತಿಳಿಯದು. ಬರುವಾಗ ಒಂದು ಚೀಲ ಕಡಲೆ ತಂದಿದ್ದರು, ನನ್ನ ಮೂರು ವರ್ಷದ ನರ್ಸಿಂಗ್ ಓದಿಗೆ ಅಪ್ಪನ ಒಪ್ಪಿಗೆಯನ್ನೂ ತಂದಿದ್ದರು. ಒಂದಿಷ್ಟು ವಿದ್ಯಾರ್ಥಿವೇತನ ಸಿಕ್ಕಿತು, ಒಂದಿಷ್ಟು ಅಪ್ಪ ಹೊಂದಿಸಿದರು. ಉಳಿಯುವ ಜಾಗದ ಮಾತೇ ಬರಲಿಲ್ಲ. ಚಿದ್ರಿಯ ಮನೆಯ ನಡುಕೋಣೆ ನನ್ನದಾಯಿತು. ಮೂರು ವರ್ಷ ಅಲ್ಲಿ ಉಂಡೆ. ಪರೀಕ್ಷೆಯ ದಿನಗಳಲ್ಲಿ ಕಾಕಾ ರೇಡಿಯೋ ಕೂಡ ಹಚ್ಚುತ್ತಿರಲಿಲ್ಲ. ಅಂಗಳದಲ್ಲಿ ಬಂದವರಿಗೆಲ್ಲ, "ಸಾವಕಾಶ ಮಾತಾಡ್ರಿ, ಒಳಗ ಸಿಸ್ಟರ್ ತಯಾರಾಗ್ಲತ್ತಾಳ," ಅನ್ನುತ್ತಿದ್ದರು, ಒಲೆಯ ಮೇಲೆ ಏನೋ ಬೇಯುತ್ತಿರುವ ಹಾಗೆ.

ನಾನು ಔರಾದಿನಲ್ಲಿ ನರ್ಸ್ ಆಗಿ ಸೇರಿದ ದಿನ ಮೌಶಿಯೇ ಬಂದು ಬಸ್ಸಿಗೆ ಹತ್ತಿಸಿದರು. ಬುದ್ಧಿಮಾತು ಹೇಳುತ್ತಾರೆಂದು ಕಾದೆ. "ನಿನ್ನ ಕೈಕೆಳಗ ಆಯಾಗಳು ಇರ್ತಾರ. ಅವ್ರಿಗಿ ಕೂಡ್ಲಿಕ್ಕ ಸ್ಟೂಲ್ ಕೊಡು," ಅಂದರು. ಬಸ್ಸು ಹೊರಟಿತು.

ಇಷ್ಟಾದ ಮೇಲೆ ಕೆಲಸ ಬಿಟ್ಟ ಮೌಶಿ ಮನೆಯಲ್ಲಿ ಕೂತಿರಬೇಕು ಎಂದುಕೊಂಡು ಹೋದ ತಿಂಗಳು ಚಿದ್ರಿಗೆ ಹೋದೆ. ಕಾಕಾ ಒಬ್ಬರೇ ಇದ್ದರು.

"ಮೌಶಿ ಎಲ್ರಿ ಕಾಕಾ?"

"ನೌಕರೀಗಿ ಹೋಗ್ಯಾಳ. ಭಾಲ್ಕಿ ಮೇಡಮ್ ಕರ್ಕೊಂಡಾಳ."

"ಏನು ನೌಕರಿ?"

"ಮಲಗದು," ಅಂದರು ಕಾಕಾ. "ನಾ ಜನಮಪೂರ್ತಿ ಚೀಲಾ ಹೊತ್ತೆ, ಯಾರೂ ಕರೀಲಿಲ್ಲ. ಈಕೀಗಿ ಮಂಚದ ಮ್ಯಾಲ ಮಲಗಲಿಕ್ಕ ಪಗಾರ ಕೊಡ್ತಾರ."

ಅಲ್ಲಿಂದ ಭಾಲ್ಕಿಗೆ ಹೋದೆ. ಮಾತು ನಿಜವಿತ್ತು. ಅಳಿಯ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಮಂಚದ ಮೇಲೆ ಮೌಶಿ ಚಾದರ ಹೊದ್ದು ಅಂಗಾತ ಮಲಗಿದ್ದರು. ಗೊಂಬೆಯ ಮೇಲೆ ಕೈ ಪಳಗಿದ ಹುಡುಗಿಯರನ್ನು ಮೇಡಮ್ ಆಮೇಲೆ ಮೌಶಿಯ ಹತ್ತಿರ ಕಳಿಸುತ್ತಾರಂತೆ, ಮಾತಾಡುವ ರೋಗಿ ಹೇಗಿರುತ್ತಾರೆ ಎಂದು ತಿಳಿಯಲಿ ಅಂತ. ಮೌಶಿ ನನ್ನನ್ನು ನೋಡಿ ಹುಬ್ಬು ಹಾರಿಸಿದರು, ಆದರೆ ಏಳಲಿಲ್ಲ. ಡ್ಯೂಟಿಯಲ್ಲಿದ್ದರಲ್ಲ.

ಸಂತಪುರದ ಕಡೆಯ ಒಬ್ಬ ಸಣ್ಣ ಹುಡುಗಿ ಮುಂದೆ ಬಂದಳು. ಕೈ ತೊಳೆದಳು, ಕೈಗವಸು ಹಾಕಿದಳು, ಮಂಚದ ಬದಿಗೆ ನಿಂತು ಬಗ್ಗಿದಳು. ಎಲ್ಲ ಸರಿಯಾಗಿ ಮಾಡುತ್ತಿದ್ದೇನೆ ಎಂಬ ಧೈರ್ಯ ಅವಳ ಮುಖದಲ್ಲಿತ್ತು.

"ಮೌಶಿ, ಮಗ್ಗಲಾ ಹೊರಳ್ಸಲೇನ್ರಿ?"

"ಬ್ಯಾಡ," ಅಂದರು ಮೌಶಿ.

ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಅವಳು ಮೇಡಮ್ಮಿನ ಕಡೆ ನೋಡಿದಳು. ಮೇಡಮ್ ಕಿಟಕಿಯ ಕಡೆ ನೋಡಿದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಅಳಿಯನ ಕಡೆ ನೋಡಿದೆ.

"ಪುಸ್ತಕದಾಗ ಹೂಂ ಅಂತಾರ ಅಂತ ಅದರಿ," ಅಂದಳು ಹುಡುಗಿ.

"ಇವತ್ತ ಸೊಂಟ ಹಿಡದದ. ಈಗ ಬ್ಯಾಡ," ಅಂದರು ಮೌಶಿ, ಕಣ್ಣು ಮುಚ್ಚಿಕೊಂಡೇ.

ಹುಡುಗಿ ಕೈ ಹಿಂದಕ್ಕೆ ತೆಗೆದಳು. ಚಾದರದ ಅಂಚನ್ನು ಮೌಶಿಯ ಪಾದದ ಮೇಲೆ ಎಳೆದು ಸರಿ ಮಾಡಲು ಹೋದವಳು, ಅದಕ್ಕೂ ಮುಂಚೆ ತಡೆದು, "ಕಾಲಿಗಿ ಹೊಚ್ಚಲೇನ್ರಿ?" ಎಂದು ಕೇಳಿದಳು.

"ಹೂಂ. ಹೊಚ್ಚು."

ಹೊಚ್ಚಿದಳು. ಮಂಚದ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತಳು.

"ಎಲ್ಲಿ ಹಿಡದದ್ರಿ ಮೌಶಿ, ಈ ಕಡೀಗೇನು, ಆ ಕಡೀಗೇನು?"

ಮೌಶಿ ಕಣ್ಣು ತೆರೆದು ಅವಳನ್ನು ನೋಡಿದರು. ಮೇಡಮ್ ತಮ್ಮ ಹಾಳೆಯ ಮೇಲೆ ಪಾಸು ಎಂದು ಬರೆದುಕೊಂಡರು.